ಗೆರಿಟ್ ತುಂಬಿಸಿದ ಪೀಪಾಯಿ

ಹೆಪ್ಪುಗಟ್ಟಿದ ಸರೋವರದ ಕೊಲ್ಲಿಯ ಮೇಲೆ ಮೀನು ಹಿಡಿಯಲು ಹೋದ ಗೆರಿಟ್ ಮರಳಿ ಬರಲಿಲ್ಲ. ಮಂಜುಗಡ್ಡೆ ಒಡೆದಿದ್ದ ಕಡೆ ಅವನ ಮಡಚುವ ಸ್ಟೂಲು ಮತ್ತು ಒಂದು ಕೈಗವಸು ಸಿಕ್ಕವು. ವಸಂತ ಬಂದು ಮಿಷಿಗನ್ ಸರೋವರ ಕರಗಿ ನೀಲಿಯಾಯಿತು. ದೇಹ ಮಾತ್ರ ಸಿಗಲೇ ಇಲ್ಲ. ಮಣ್ಣು ಮಾಡಲು ಏನೂ ಇರಲಿಲ್ಲವಲ್ಲ, ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ, ನೆಲಮಾಳಿಗೆಯಲ್ಲಿ ಹ್ಯಾಮ್ ಬನ್ನು ತಿಂದು, ಜನ ತಮ್ಮ ತಮ್ಮ ಮನೆಗೆ ಹೋದರು.

ಅವನು ಕಟ್ಟಿದ ಬಿಯರ್ ಕಾರ್ಖಾನೆ ಹೆಂಡತಿ ಟ್ರೀನಾ ಮತ್ತು ಪಾಲುದಾರ ಕ್ಲೀಟಸ್‌ನ ತಲೆಗೆ ಬಂತು. ಊರಿನ ಕೆಳಗೆ ಮುಚ್ಚಿಹೋದ ಜಿಪ್ಸಮ್ ಗಣಿಯೊಂದಿತ್ತು. ಬೇಸಿಗೆಯಿರಲಿ ಚಳಿಗಾಲವಿರಲಿ ಅಲ್ಲಿ ಒಂದೇ ತಂಪು. ಸಾಯುವ ಮುಂಚೆ ಗೆರಿಟ್ ಕೊನೆಯದಾಗಿ ಕಾಯಿಸಿದ ಇಂಪೀರಿಯಲ್ ಸ್ಟೌಟ್ ಎಂಬ ಗಡುಸು ಬಿಯರು, ಡಾಂಬರಿನಷ್ಟು ಕಪ್ಪು, ಸಕ್ಕರೆ ಪಾಕದಷ್ಟು ಮಂದ, ಕೆಂಟಕಿಯಿಂದ ತಂದ ಹಳೆಯ ವಿಸ್ಕಿ ಪೀಪಾಯಿಗಳಲ್ಲಿ ಅಲ್ಲಿ ಮಲಗಿತ್ತು. ವರ್ಷ ತುಂಬಿದಾಗ ರುಚಿ ನೋಡಲು ಇಬ್ಬರೂ ಇಳಿದರು.

ಪೀಪಾಯಿಯ ಮುಖಕ್ಕೆ ಹೊಡೆದ ಉಕ್ಕಿನ ಮೊಳೆಯನ್ನು ಕ್ಲೀಟಸ್ ಇಕ್ಕಳದಿಂದ ಎಳೆಯುತ್ತಿದ್ದ. ನೂಲಿನಂತೆ ಚಿಮ್ಮುವ ಬಿಯರನ್ನು ಟ್ರೀನಾ ಗ್ಲಾಸಿಗೆ ಹಿಡಿಯುತ್ತಿದ್ದಳು. ಕಹಿ ಚಾಕಲೇಟು, ಕಾಕಂಬಿ, ಸುಟ್ಟ ಓಕ್ ಮರ, ಕೊನೆಗೆ ಗಂಟಲಲ್ಲಿ ವಿಸ್ಕಿಯ ಬಿಸಿ.

"ಅತ್ತಿಗೆ, ಇದನ್ನೊಂದು ಗುಟುಕು ಕೊಟ್ರೆ ನಮ್ಮ ಪಾದ್ರಿ ಉಪದೇಶ ಮರೆತು ಹಾಡೋಕೆ ಶುರು ಮಾಡ್ತಾನೆ" ಎಂದ ಕ್ಲೀಟಸ್.

"ಅವನು ಹಾಡಿದ್ರೆ ನಾನು ಕುಡಿಯೋದೇ ಬಿಡ್ತೀನಿ" ಎಂದಳು. ಎಷ್ಟೋ ತಿಂಗಳಿಂದ ಅವಳು ಹಾಗೆ ಮಾತಾಡಿರಲಿಲ್ಲ.

ಗೋಡೆ ಬದಿಯ ಪೀಪಾಯಿಯ ಗ್ಲಾಸು ಮೂಗಿನ ಹತ್ತಿರ ಬಂದಾಗ ಅವಳ ಕೈ ಅಲ್ಲೇ ನಿಂತಿತು. ಗೆರಿಟ್ ಸದಾ ಕೆಳತುಟಿಯೊಳಗೆ ಒತ್ತಿಕೊಳ್ಳುತ್ತಿದ್ದ ಹೊಗೆಸೊಪ್ಪಿಗೆ ನೋವಿನ ಮುಲಾಮಿನಂಥ ತಣ್ಣನೆಯ ಘಾಟಿತ್ತು. ಮದುವೆಯ ದಿನ ಚರ್ಚಿನ ಹಿಂದೆ ಅವನು ಮುತ್ತಿಟ್ಟಾಗಲೂ ಬಂದದ್ದು ಅದೇ ಘಾಟು. ಈಗ ಗ್ಲಾಸಿನಿಂದ ಏಳುತ್ತಿದ್ದುದೂ ಅದೇ. ಬಾರ್ಲಿ ಕಾಳಿನಿಂದಾಗಲಿ ಮರದಿಂದಾಗಲಿ ಅದು ಬರುವಂತಿರಲಿಲ್ಲ. ಅವಳು ಕುಡಿದಳು. ನಾಲಿಗೆಯ ಮೇಲೆ ಗಂಡನ ಬಾಯಿ.

ಕ್ಲೀಟಸ್ ಅವಳ ಕೈಯಿಂದ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಕುಡಿದ. ಮುಖ ಬಿಳಿಚಿತು. "ಕೆಟ್ಟಿದೆ. ಚೆಲ್ಲಿಬಿಡೋಣ" ಎಂದ, ಅವಳ ಕಡೆ ನೋಡದೆ.

"ಮುಟ್ಟಿದ್ರೆ ನೋಡು!"

ಅಂದಿನಿಂದ ಟ್ರೀನಾ ದಿನಾ ಇಳಿದಳು. ಮೊದಮೊದಲು ಹೊಗೆಸೊಪ್ಪು. ಆಮೇಲೆ ಅವನ ಉಣ್ಣೆ ಕೋಟು ಒದ್ದೆಯಾದಾಗಿನ ವಾಸನೆ. ಆಮೇಲೆ ಮಂಜುಗಡ್ಡೆ ಕೊರೆಯುವ ಯಂತ್ರದ ಪೆಟ್ರೋಲು. ಪ್ರತಿ ಗ್ಲಾಸಿನಲ್ಲೂ ಅವನ ಕೊನೆಯ ದಿನ ಒಂದೊಂದು ಹೆಜ್ಜೆ ಮುಂದೆ ಹೋಗುತ್ತಿತ್ತು, ಅದೆಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಕುಡಿದಳು. ಎಷ್ಟು ಬಸಿದರೂ ಪೀಪಾಯಿ ಬರಿದಾಗಲಿಲ್ಲ. ಅದರ ಪಟ್ಟಿಗಳ ಮೇಲೆ ಬಿಳಿ ಹಿಮ ಕೂತಿತು, ಪಕ್ಕದ ಪೀಪಾಯಿಗಳು ಒಣಗಿಯೇ ಇದ್ದವು. ಅವಳಿಗೆ ಊಟ ಸೇರದಾಯಿತು. ಉಗುರು ನೀಲಿಗಟ್ಟಿತು.

ಒಂದು ದಿನ ಬಿಯರಿನಲ್ಲಿ ಸರೋವರದ ಪಾಚಿಯ ರುಚಿ ಬಂತು. ಆಗಲೇ ಪೀಪಾಯಿಯ ಒಳಗಿನಿಂದ ಸದ್ದು ಕೇಳಿಸಿತು. ಧಡ್, ಧಡ್. ಮಂಜುಗಡ್ಡೆಯ ಕೆಳಗೆ ಸಿಕ್ಕಿಬಿದ್ದವನು ಮುಷ್ಟಿಯಿಂದ ಬಡಿದಂತೆ. ಟ್ರೀನಾ ಓಡಲಿಲ್ಲ. ಅಂಗೈಯಿಂದ ತಾನೂ ಬಡಿದಳು. "ಇಲ್ಲೇ ಇದ್ದೀನಿ. ಇಲ್ಲೇ ಇದ್ದೀನಿ ಕಣೋ."

ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಕ್ಲೀಟಸ್ ನೇರ ಹೋಗಿ ಗೆರಿಟ್‌ನ ತಾಯಿ ಗೆಜೀನಾಳನ್ನು ಕರೆತಂದ. ಆಕೆ ಹುಟ್ಟಿದಾಗಿನಿಂದ ಮದ್ಯ ಮುಟ್ಟಿದವಳಲ್ಲ. ಮಗ ಬಿಯರ್ ವ್ಯಾಪಾರಕ್ಕಿಳಿದ ಮೇಲೆ ಈ ಕಡೆ ತಲೆ ಹಾಕಿದವಳೂ ಅಲ್ಲ. ಗೋಡೆ ಹಿಡಿದುಕೊಂಡು ನಿಧಾನವಾಗಿ ಇಳಿದು, ಸೊಸೆಯ ಕೈ ಮುಟ್ಟಿ ನೋಡಿದಳು.

"ಹೆಣದ ಕೈ ಇದು, ಟ್ರೀನಾ."

"ಅತ್ತೆ, ಅವನು ಇಲ್ಲೇ ಇದ್ದಾನೆ."

"ಕೊಡು ಇಲ್ಲಿ."

ಗೆಜೀನಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಔಷಧಿ ಕುಡಿಯುವವಳಂತೆ ಕುಡಿದಳು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಒಳಗೆ ಬಡಿತ ನಡೆದೇ ಇತ್ತು.

"ಹೌದು, ಅವನೇ" ಎಂದಳು ಕೊನೆಗೆ. "ಅವನಿಗೆ ಚಳಿ ಆಗ್ತಿದೆ ಕಣೇ. ಮುಳುಗೋಕೂ ಆಗದೆ, ಏಳೋಕೂ ಆಗದೆ ಒದ್ದಾಡ್ತಿದ್ದಾನೆ. ನೀನು ದಿನಾ ಬಂದು ಎಬ್ಬಿಸ್ತೀಯ."

"ಇದೂ ಹೋದ್ರೆ ನನಗೇನು ಉಳಿಯುತ್ತೆ ಅತ್ತೆ?"

"ಹೆತ್ತೋಳು ನಾನು. ನನಗೇನು ಉಳಿಯುತ್ತೆ, ಹೇಳು?"

ಟ್ರೀನಾ ಪೀಪಾಯಿಯ ಮೇಲಿಟ್ಟಿದ್ದ ಕೈ ತೆಗೆದಳು. ಕ್ಲೀಟಸ್ ಬಿರಡೆ ಕಿತ್ತು ಪೀಪಾಯಿಯನ್ನು ಹೊರಳಿಸಿದ. ಕಪ್ಪು ಬಿಯರು ಬಿಳಿ ಕಲ್ಲಿನ ನೆಲದ ಮೇಲೆ ಹರಿದು ಬಿರುಕುಗಳಲ್ಲಿ ಇಳಿಯತೊಡಗಿತು. ಹರಿದಷ್ಟೂ ಬಡಿತ ನಿಧಾನವಾಯಿತು. ಗೆಜೀನಾ ಕಷ್ಟಪಟ್ಟು ಮೊಣಕಾಲೂರಿ, ಪೀಪಾಯಿಯ ತೂತಿಗೆ ಬಾಯಿಟ್ಟು ತನ್ನ ಅಜ್ಜಿಯ ಕಾಲದ ಡಚ್ ಭಾಷೆಯಲ್ಲಿ ಏನೋ ಹೇಳಿದಳು. ಕೊನೆಯದಾಗಿ ಒಂದು ಬಡಿತ ಕೇಳಿಸಿತು, ಅಷ್ಟೇ.

"ಏನಂದ್ರಿ ಅತ್ತೆ?"

"ಮಲಗು ಅಂದೆ. ಸಣ್ಣೋನಿದ್ದಾಗ ಜ್ವರ ಬಂದ್ರೆ ಹಾಗೇ ಹೇಳ್ತಿದ್ದೆ."

ಮುಂದಿನ ವಾರ ಉಳಿದ ಪೀಪಾಯಿಗಳ ರುಚಿ ನೋಡಿದರು. ಟ್ರೀನಾ ಪ್ರತಿ ಗ್ಲಾಸಿನಲ್ಲೂ ಅವನನ್ನು ಹುಡುಕಿದಳು, ಹುಡುಕಬಾರದೆಂದು ಗೊತ್ತಿದ್ದೂ ಹುಡುಕಿದಳು. ಚಾಕಲೇಟು ಇತ್ತು, ಮರ ಇತ್ತು. ಬರೀ ಬಿಯರು, ತುಂಬ ಒಳ್ಳೆಯ ಬಿಯರು.

"ಹೇಗಿದೆ ಅತ್ತಿಗೆ?" ಕ್ಲೀಟಸ್ ಅಳುಕುತ್ತ ಕೇಳಿದ.

"ಒಳ್ಳೆ ಕೈ ಇತ್ತು ಅವನಿಗೆ" ಎಂದಳು ಟ್ರೀನಾ. ಗಂಡನ ಬಗ್ಗೆ 'ಇತ್ತು' ಎಂದದ್ದು ಅದೇ ಮೊದಲು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಚರ್ಚಿನಲ್ಲಿ ಅಂದು ಬಾರದ ಅಳುವನ್ನೆಲ್ಲ ಅತ್ತಳು.