ಮೂರನೇ ಸಾಲಿನ ಸಾಕ್ಷಿ

ಕನ್ನಡಕದಂಗಡಿಯವನಿಗೆ ಗೆಳೆಯರು ಇಟ್ಟ ಹೆಸರು ‘ಸಾಕ್ಷಿ’. ತೊಂಬತ್ತೆರಡರಲ್ಲಿ ಇವರೆಲ್ಲ ಹುಚ್ಚಾಗಿದ್ದ, ಗ್ರಂಜ್ ಎಂಬ ಅಬ್ಬರದ ರಾಕ್ ಹಾಡುತ್ತಿದ್ದ ಆ ಬ್ಯಾಂಡು ಒಂದೇ ಒಂದು ಸಲ ಪಕ್ಕದ ಊರಿಗೆ ಬಂದು, ಮುಚ್ಚಿಹೋಗಿದ್ದ ಹಳೇ ಟಾಕೀಸಿನಲ್ಲಿ ಇನ್ನೂರು ಜನರ ಮುಂದೆ ಹಾಡಿ ಹೋಗಿತ್ತು. ಮರುವರ್ಷ ಗಾಯಕ ತೀರಿಕೊಂಡ, ಬ್ಯಾಂಡು ಚದುರಿತು. ಆ ಇನ್ನೂರರಲ್ಲಿ ಇವನೂ ಒಬ್ಬ, ಅದೂ ಮೂರನೇ ಸಾಲಿನಲ್ಲಿ. ಹಾಗಂತ ಇವನೇ ಹೇಳಿಕೊಂಡಿದ್ದ.

ಹೋಗಿರಲಿಲ್ಲ ಪುಣ್ಯಾತ್ಮ! ಜೇಬಿನಲ್ಲಿ ಟಿಕೆಟ್ ಇಟ್ಟುಕೊಂಡು ಬಾಗಿಲವರೆಗೆ ಹೋಗಿದ್ದು ನಿಜ. ಒಳಗೆ ನೋಡಿದರೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವ ಜನ, ಎದೆಗೂಡನ್ನೇ ನಡುಗಿಸುವ ಗಿಟಾರು. ಹತ್ತೊಂಬತ್ತರ ಹುಡುಗ ಹೆದರಿಹೋದ. ಹಿಂದೆ ತಿರುಗಿ ನೋಡದೆ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟ.

ಅದಾದ ಮೇಲೆ ಕ್ಯಾಸೆಟ್ ಅಂಗಡಿಯಲ್ಲಿ ಅದೇ ಬ್ಯಾಂಡಿನ ಕ್ಯಾಸೆಟ್ ಹುಡುಕುತ್ತಿದ್ದ ಹುಡುಗಿಯೊಬ್ಬಳು ಕಣ್ಣರಳಿಸಿ, “ಶೋಗೆ ನೀವು ಹೋಗಿದ್ರಾ?” ಅಂದಳು. ಬಾಯಿ ಸುಮ್ಮನಿರಬಾರದೇ? “ಹೂಂ” ಅಂದಿತು. “ಹೇಗಿದ್ದ ಅವನು?” ಏನು ಹೇಳುವುದು, ತಲೆ! “ಒಂದೇ ಕಾಲಿಗೆ ಶೂ ಹಾಕ್ಕೊಂಡಿದ್ದ” ಅಂದ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈಗ ಅವಳೇ ಹೆಂಡತಿ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಒಂದು ‘ಹೂಂ’ಗೆ ಮೂವತ್ತು ಚಿಲ್ಲರೆ ವರ್ಷದ ಸೆರೆವಾಸ.

ಭಾನುವಾರ ಮಧ್ಯಾಹ್ನ ನಾಲ್ಕು ಜನ ಪುಸ್ತಕದ ಬೈಂಡರನ ಅಂಗಡಿಯಲ್ಲಿ ಸೇರುತ್ತಾರೆ: ಬೈಂಡರು, ಹಲ್ಲಿನ ಡಾಕ್ಟರು, ಈ ಗಂಡ ಹೆಂಡತಿ. ಅಂಟಿನ ವಾಸನೆ, ಎಳೆದೆಳೆದು ಹಾಡುವ ಟೇಪ್ ರೆಕಾರ್ಡರು, ಹೊಟ್ಟೆಯ ಮೇಲೆ ಗುಂಡಿ ಕೂಡದ ಹಳೇ ಚೌಕಳಿ ಶರ್ಟುಗಳು. ಪ್ರತಿ ವಾರವೂ ಯಾರಾದರೊಬ್ಬರು “ಸಾಕ್ಷಿ, ಶೂ ಕಥೆ ಹೇಳೋ” ಅನ್ನುತ್ತಾರೆ. ಡಾಕ್ಟರಂತೂ ಬಾಯಿ ತೆರೆದು ಮಲಗಿದ ರೋಗಿಗಳಿಗೆಲ್ಲ ಅದಕ್ಕೆ ಉಪ್ಪುಖಾರ ಹಚ್ಚಿ ಹೇಳುತ್ತಾನೆ. ಪಾಪ, ಅವರು ಎದ್ದು ಹೋಗುವ ಹಾಗೂ ಇಲ್ಲ.

ಈ ವಾರ ಪೇಚು ದೊಡ್ಡದು. ಊರಿನ ರೇಡಿಯೋದವರು ಆ ಕಾಲದ ನೆನಪುಗಳನ್ನು ರೆಕಾರ್ಡ್ ಮಾಡಿ ಕಳಿಸಿ ಎಂದಿದ್ದರು. ನಾಲ್ಕು ಗೋಡೆಯೊಳಗಿನ ಸುಳ್ಳು ಊರಿಗೆಲ್ಲ ಕೇಳುತ್ತದಲ್ಲ! ಮೂರು ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ. ಇವತ್ತು ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದ. ಗೆಳೆಯರು ಬೈದರೆ ಬೈಯಲಿ. ಭಯವೆಲ್ಲ ಹೆಂಡತಿಯದೇ. ‘ಹಾಗಾದ್ರೆ ನಾನು ಮೆಚ್ಚಿದ್ದು ಯಾರನ್ನ?’ ಅಂತ ಅವಳು ಕೇಳಿದರೆ ಏನು ಹೇಳಲಿ?

“ಒಂದು ಮಾತು ಹೇಳ್ಬೇಕಿತ್ತು” ಎಂದು ಬಾಯಿ ತೆರೆದದ್ದೇ, ಡಾಕ್ಟರು ಒಬ್ಬ ಹೆಂಗಸನ್ನು ಕರೆದುಕೊಂಡು ಒಳಗೆ ನುಗ್ಗಿದ.

“ಏಯ್, ನೋಡ್ರೋ ಯಾರನ್ನ ಹಿಡ್ಕೊಂಡು ಬಂದಿದೀನಿ! ಪೋಸ್ಟಾಫೀಸಿನ ಮೇಡಂ, ನನ್ನ ಪೇಷಂಟು. ಇವರೂ ಆ ಶೋಗೆ ಹೋಗಿದ್ರಂತೆ!”

ಕನ್ನಡಕದವನು ತೆರೆದ ಬಾಯಿ ಮುಚ್ಚಿದ. ಮುಗಿಯಿತು ಕಥೆ. ತಾನಾಗಿ ಹೇಳುವ ಮರ್ಯಾದೆಯೂ ಹೋಯಿತು.

“ಮೇಡಂ, ಶೂ ವಿಷಯ ನಿಜಾನಾ?” ಹೆಂಡತಿ ಮುಂದಕ್ಕೆ ಬಾಗಿ ಕೇಳಿದಳು.

ಮೇಡಂ ಕನ್ನಡಕದವನ ಮುಖ ನೋಡಿದರು. “ನಿಜ. ಎಡಗಾಲು ಬರಿಗಾಲು. ನಾನೇ ಕಣ್ಣಾರೆ ಕಂಡೆ.”

ಬೈಂಡರು ಮೇಜು ಗುದ್ದಿದ. ಹೆಂಡತಿ ಚಪ್ಪಾಳೆ ತಟ್ಟಿದಳು. ಕನ್ನಡಕದವನೊಬ್ಬ ಬೆಪ್ಪಾಗಿ ಕೂತ. ಕ್ಯಾಸೆಟ್ ಅಂಗಡಿಯಲ್ಲಿ ತಾನು ಹೊಸೆದ ಶೂ ಅದು, ಈಯಮ್ಮನ ಕಣ್ಣಿಗೆ ಎಲ್ಲಿ ಬಿತ್ತು?

ಮೊಬೈಲಿನಲ್ಲಿ ರೆಕಾರ್ಡಿಂಗ್ ಆನ್ ಮಾಡಲು ಬೈಂಡರು ಒದ್ದಾಡುತ್ತಿದ್ದಾಗ ಮೇಡಂ ಕುರ್ಚಿಯನ್ನು ಇವನ ಹತ್ತಿರ ಎಳೆದುಕೊಂಡರು.

“ಸರ್, ನನ್ನ ಬಿಟ್ಟುಕೊಡಬೇಡಿ” ಎಂದು ಪಿಸುಗುಟ್ಟಿದರು. “ನಾನು ಹೋಗಿರ್ಲಿಲ್ಲ, ಮನೇಲಿ ಬಿಡ್ಲಿಲ್ಲ. ಮಗಳಿಗೆ ಮಾತ್ರ ಹೋಗಿದ್ದೆ ಅಂತಾನೇ ಹೇಳ್ಕೊಂಡು ಬಂದೆ. ಅವಳು ಹೆಮ್ಮೆಯಿಂದ ಡಾಕ್ಟ್ರ ಮುಂದೆ ಬಾಯಿಬಿಟ್ಟಳು. ಶೂ ಕಥೆ ಡಾಕ್ಟ್ರ ಬಾಯಲ್ಲಿ ಕೇಳಿದ್ದಷ್ಟೇ. ನೀವು ನಿಜವಾಗ್ಲೂ ಹೋದೋರು, ನಿಮಗೆ ನನ್ನ ಸುಳ್ಳು ಗೊತ್ತಾಗೇ ಆಗುತ್ತೆ. ದಯವಿಟ್ಟು, ಸರ್.”

ನಾನೂ ಹೋಗಿಲ್ಲಮ್ಮಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹಾಗೆ ಅಂದುಬಿಟ್ಟರೆ ಶೂ ಕಟ್ಟುಕಥೆ ಎಂದು ಬಯಲಾಗಿ, ಇವನ ಜೊತೆ ಈಯಮ್ಮನ ಮಾನವೂ ಎಲ್ಲರೆದುರು ಹರಾಜು. ಇಷ್ಟು ವರ್ಷ ತನ್ನೊಬ್ಬನ ಸುಳ್ಳಾಗಿತ್ತು, ಮನಸ್ಸು ಮಾಡಿದರೆ ಕಿತ್ತೊಗೆಯಬಹುದಿತ್ತು. ಇದ್ದ ಆ ಒಂದು ಬಾಗಿಲನ್ನೂ ಈ ಪುಣ್ಯಾತ್ಗಿತ್ತಿ ಬಂದು ಮುಚ್ಚಿದಳಲ್ಲ!

“ಆಯ್ತು ಬಿಡಿ” ಅಂದ.

“ರೆಡಿ” ಅಂದ ಬೈಂಡರು. “ಮೇಡಂ, ನೀವೇ ಶುರು ಮಾಡಿ.”

ಮೇಡಂ ಗಂಟಲು ಸರಿಮಾಡಿಕೊಂಡರು. ಉಪಕಾರ ತೀರಿಸುವ ಉತ್ಸಾಹ ನೋಡಿ, ಮಾತು ನೀರಿನಂತೆ ಹರಿಯಿತು. “ಕೊನೇ ಹಾಡಿನ ಹೊತ್ತಿಗೆ ನನ್ನ ಮುಂದಿನ ಸಾಲಲ್ಲಿ ಒಬ್ಬ ಹುಡುಗ ಬಿಕ್ಕಿಬಿಕ್ಕಿ ಅಳ್ತಾ ಇದ್ದ. ಆ ಮುಖ ನಾನು ಮರೆತಿಲ್ಲ. ಅದು ಇವರೇ.”

ಹೆಂಡತಿ ನಿಧಾನವಾಗಿ ಇವನತ್ತ ತಿರುಗಿದಳು. ಅವಳ ಕಣ್ಣು ತುಂಬಿತ್ತು.

“ಅತ್ತಿದ್ರಾ? ಇಷ್ಟು ವರ್ಷ ನನಗೆ ಹೇಳಲೇ ಇಲ್ವಲ್ರೀ?”

ಎದುರಿಗೆ ಮೊಬೈಲಿನ ಕೆಂಪು ಚುಕ್ಕೆ ಮಿನುಗುತ್ತಿತ್ತು.

“ನಾಚಿಕೆ ಆಗಿತ್ತು ಕಣೇ” ಅಂದ.

ಹೆಂಡತಿ ಅವನ ಕೈ ಹಿಡಿದುಕೊಂಡಳು. ಮದುವೆಯಾದಾಗಿನಿಂದ ಅಷ್ಟು ಗಟ್ಟಿಯಾಗಿ ಅವಳು ಎಂದೂ ಹಿಡಿದಿರಲಿಲ್ಲ.