ನಡುಮನೆಯ ಗೋಡೆ

ಮಹಾನಂದಮ್ಮ ನಡುಮನೆಯ ಬೀಗವನ್ನು ಎರಡು ಕೈಯಲ್ಲೂ ಹಿಡಿದು ಜಗ್ಗುತ್ತಿದ್ದಳು. ಎಪ್ಪತ್ತೈದು ವರ್ಷದ ಕೈ. ಬೀಗ ಅಲುಗಿತು, ಬಿಡಲಿಲ್ಲ.

"ಅಕ್ಕಾ, ಅದು ಬಾಡಿಗೆಗೆ ಕೊಟ್ಟಿರೋ ಜಾಗ," ಅಂದ ಮಲ್ಲಿಕಾರ್ಜುನಯ್ಯ. "ಹೊರಗೆ ಗಾಡಿ ನಿಲ್ಲಿಸೋ ಕಡೆ ಗಾಳಿ ಬೆಳಕು ಚೆನ್ನಾಗಿದೆ. ಅಲ್ಲೇ ಕೂರಿಸೋಣ."

"ಸ್ಕೂಟರ್ ಮಧ್ಯೆ?"

"ಎರಡೇ ಸ್ಕೂಟರ್. ಅವರೂ ತಿಂಗಳ ದುಡ್ಡು ಕೊಡ್ತಾರೆ, ಆದ್ರೂ ಒಂದಿನ ಸರಿಸಿದ್ರೆ ಏನೂ ಅನ್ನಲ್ಲ."

ತೀರಿಕೊಂಡವಳು ಅವನ ಹೆಂಡತಿ, ಮಹಾನಂದಮ್ಮನ ತಂಗಿ ಗುರುಬಸಮ್ಮ. ಬೆಳಗಿನ ಜಾವ ಮನೆಯೊಳಗೆ ಅಡಿಗೆಮನೆ ಪಕ್ಕದ ಇಕ್ಕಟ್ಟು ಓಣಿಯಲ್ಲಿ, ತಾನು ದಿನಾ ಮಲಗುವ ಚಾಪೆಯ ಮೇಲೆಯೇ, ಕೆಮ್ಮುತ್ತ ಕೆಮ್ಮುತ್ತ ಸುಮ್ಮನಾಗಿದ್ದಳು. ಸ್ನಾನ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ವಿಭೂತಿ ಇಟ್ಟಾಗಿತ್ತು. ಇನ್ನು ಗೋಡೆಗೆ ಒರಗಿಸಿ ಕೂರಿಸಬೇಕು, ಎಡಗೈಯಲ್ಲಿ ಲಿಂಗ ಇಡಬೇಕು, ಬಂದವರು ನೋಡಬೇಕು. ಚಾಮರಾಜಪೇಟೆಯ ಆ ಸ್ವಂತ ಮನೆಯಲ್ಲಿ ಅವಳಿಗೆ ಒರಗಲು ಒಂದು ಗೋಡೆ ಖಾಲಿ ಇರಲಿಲ್ಲ. ಮಹಡಿಯಲ್ಲಿ ಎರಡು ಬಾಡಿಗೆ ಸಂಸಾರ. ಹಿಂದಿನ ರೂಮಿನಲ್ಲಿ ಕಾಲೇಜಿನ ಮೂರು ಹುಡುಗಿಯರು. ನಡುಮನೆ ಶ್ರೀಧರ್ ಎಂಬವನ ಊದುಬತ್ತಿ ಗೋಡೌನು.

ಬಾಗಿಲ ಸಂದಿಯಿಂದ ವಾಸನೆ ಬರುತ್ತಿತ್ತು. ಗುಲಾಬಿ, ಮಲ್ಲಿಗೆ, ಗಂಧ, ಎಲ್ಲ ಒಂದರಲ್ಲೊಂದು ಕಲಸಿ ಹಳಸಿದಂಥ ವಾಸನೆ. ಮಹಾನಂದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಹೂವಿನ ಪಿಳ್ಳಮ್ಮ ಮಾರ್ಕೆಟ್ಟಿನಿಂದ ಹಾರ ತಂದು ಪಕ್ಕದಲ್ಲಿ ನಿಂತಳು.

"ಹೆಣದ ಹಾರಕ್ಕೂ ಚೌಕಾಸಿ ಮಾಡ್ದ ಕಣಮ್ಮ ನಿಮ್ಮ ತಂಗಿ ಗಂಡ. ಸಾಯಂಕಾಲದವರೆಗೆ ತಾನೇ ಬೇಕು, ನೆನ್ನೇದಿದ್ರೆ ಕೊಡು ಅಂತಾನೆ."

"ನೀನೇನಂದೆ?"

"ನಿಮಗೆ ಬೇಕಾದಾಗ ನೆನ್ನೇದು ಕೊಡ್ತೀನಿ ಸ್ವಾಮಿ, ಆಯಮ್ಮಂಗೆ ಇವತ್ತಿಂದೇ ಅಂದೆ."

*

ಮನೆ ಸಾಲ ತೀರಿಸುತ್ತಿದ್ದ ಹದಿನೈದು ವರ್ಷ ಗುರುಬಸಮ್ಮ ಕೈ ಬಿಗಿಹಿಡಿದು ಬದುಕಿದಳು. ತರಗುಪೇಟೆಯ ಅಕ್ಕನ ಮನೆಗೆ ಬಂದು, ಅಲ್ಲಿನ ಧಾನ್ಯದ ಮಂಡಿಯಲ್ಲಿ ಮೂಟೆ ಇಳಿಸುವಾಗ ಚೆಲ್ಲಿದ ಬೇಳೆಯನ್ನು ಕಡಿಮೆಗೆ ಕೊಂಡು, ಅಲ್ಲೇ ಕೂತು ಕಲ್ಲು ಆರಿಸುತ್ತಿದ್ದಳು. ಸೀರೆ ಹರಿದರೆ ಲಂಗ, ಲಂಗ ಹರಿದರೆ ಒರೆಸುವ ಬಟ್ಟೆ. ಅದರಲ್ಲಿ ನಾಚಿಕೆ ಇರಲಿಲ್ಲ, ನಗು ಇತ್ತು. ಕೊನೇ ಕಂತು ಕಟ್ಟಿ ಬ್ಯಾಂಕಿನಿಂದ ಮನೆ ಪತ್ರ ಬಂದ ವಾರ, ಮೊದಲ ಸಲ ಗಂಡನನ್ನು ಕೇಳದೆ ಒಂದು ಕೆಲಸ ಮಾಡಿದಳು. ನಡುಮನೆಗೆ ಎಳೆ ಬಾಳೆಎಲೆಯ ಬಣ್ಣ ಹೊಡೆಸಿದಳು.

"ಅಕ್ಕಾ, ಈ ಮನೇಲಿ ನಾನು ಕೂತೇ ಇಲ್ಲ ಕಣೇ. ಇನ್ಮೇಲೆ ಮಧ್ಯಾಹ್ನ ಊಟ ಆದ್ಮೇಲೆ ಈ ಗೋಡೆಗೆ ಒರಗಿ, ಕಾಲು ಚಾಚ್ಕೊಂಡು ಕೂತ್ಬಿಡ್ತೀನಿ. ಯಾರು ಕರೆದ್ರೂ ಏಳಲ್ಲ."

"ಬಣ್ಣ ಒಣಗಲಿ ತಾಳೇ, ಸೀರೆಗೆ ಹತ್ತುತ್ತೆ."

ಬಣ್ಣ ಒಣಗಿತು. ಮೂರನೇ ವಾರ ಶ್ರೀಧರನ ಪೆಟ್ಟಿಗೆಗಳು ಬಂದವು.

"ಇಷ್ಟು ವರ್ಷ ಬ್ಯಾಂಕಿಗೆ ಕೊಟ್ಟಿದ್ದು ಇನ್ನು ನಮಗೆ ಬರಲಿ," ಅಂದಿದ್ದ ಮಲ್ಲಿಕಾರ್ಜುನಯ್ಯ. "ಒಂದೇ ವರ್ಷ."

ಹನ್ನೊಂದು ವರ್ಷವಾಯಿತು. ಓಣಿಯಲ್ಲಿ ಕೂತು ಕಡ್ಡಿ ಎಣಿಸಿ ಪ್ಯಾಕೆಟ್ ತುಂಬುವ ಕೆಲಸವನ್ನೂ ಹೆಂಡತಿಗೆ ಅವನೇ ತಂದುಕೊಟ್ಟ. ಅವಳ ಬೆರಳು ಕಪ್ಪಾದವು. ಅವಳು ಕಲಸಿದ ಅನ್ನದಲ್ಲೂ ಗುಲಾಬಿ ವಾಸನೆ. ಆಮೇಲೆ ಕೆಮ್ಮು.

ಅಕ್ಕ ಬಂದಾಗೆಲ್ಲ ಗುರುಬಸಮ್ಮ ಹರಿದ ಪ್ಯಾಕೆಟ್ಟುಗಳನ್ನು ಅವಳ ಚೀಲಕ್ಕೆ ತುಂಬುತ್ತಿದ್ದಳು. ಮಹಾನಂದಮ್ಮ ಬೇಡ ಅನ್ನಲಿಲ್ಲ. ಹನ್ನೊಂದು ವರ್ಷ ಅವಳ ದೇವರ ಮುಂದೆ ಉರಿದದ್ದು ಅದೇ ಕಡ್ಡಿ. ಬಿಟ್ಟಿ ಕಡ್ಡಿ.

*

ಶ್ರೀಧರ್ ಆಟೋ ಇಳಿದು ಬಂದಾಗ ಬಿಸಿಲೇರಿತ್ತು.

"ಇನ್ನೂ ಓಣಿಯಲ್ಲೇ ಯಾಕೆ ಮಲಗಿಸಿದೀರ?"

"ಬೀಗ ನಿಂದಲ್ಲವೇನಪ್ಪಾ?" ಅಂದಳು ಮಹಾನಂದಮ್ಮ.

"ತೆಗೆದ್ಕೊಳ್ಳಿ ಅಂತ ಬೆಳಿಗ್ಗೆ ಆರಕ್ಕೇ ಫೋನಲ್ಲಿ ಹೇಳಿದ್ನಲ್ಲಮ್ಮ. ಇನ್ನೊಂದು ಕೀ ಯಜಮಾನ್ರ ಹತ್ರಾನೇ ಇದೆ."

ತ್ಯಾಗರಾಜನಗರದಲ್ಲಿ ಬೇರೆ ಮನೆ ಮಾಡಿದ್ದ ಮಗ ಬಸವಪ್ರಭು ಅಪ್ಪನ ಮುಖ ನೋಡದೆ ಮೊಬೈಲ್ ನೋಡಿದ.

"ಮೈಲಿಗೆ ಅಂತ ಇವರು ಜಾಗ ಬಿಟ್ಟುಹೋದ್ರೆ ಏನ್ಮಾಡೋದು?" ಅಂದ ಮಲ್ಲಿಕಾರ್ಜುನಯ್ಯ. "ಅದಕ್ಕೇ ಯೋಚನೆ ಮಾಡ್ದೆ."

"ಲಿಂಗವಂತರ ಮನೇಲಿ ಎಂಥ ಮೈಲಿಗೆರೀ!" ಅಂದರು ಕಾರ್ಯ ನಡೆಸಲು ಬಂದಿದ್ದ ಅಯ್ಯನವರು, ವೀರಭದ್ರಯ್ಯ. "ತೆಗೀರಿ ಬಾಗ್ಲು."

ಮಲ್ಲಿಕಾರ್ಜುನಯ್ಯ ಶರಟು ಎತ್ತಿ ಉಡಿದಾರಕ್ಕೆ ಕಟ್ಟಿದ್ದ ಕೀ ಬಿಚ್ಚತೊಡಗಿದ. ಬೆವರಿಗೆ ಗಂಟು ಬಿಗಿದುಹೋಗಿತ್ತು. ಮಹಾನಂದಮ್ಮ ಅದನ್ನು ಕೈಗೆ ತಾಕದ ಹಾಗೆ ಸೆರಗಿನ ತುದಿಯಲ್ಲಿ ತೆಗೆದುಕೊಂಡಳು.

ಪೆಟ್ಟಿಗೆಗಳನ್ನು ಸರಿಸಿದಾಗ ಹಿಂದೆ ಹಸಿರು ಗೋಡೆ ಕಾಣಿಸಿತು. ಹನ್ನೊಂದು ವರ್ಷ ಬೆಳಕು ಕಾಣದ ಬಣ್ಣ ನೆನ್ನೆ ಹೊಡೆದ ಹಾಗಿತ್ತು. ಗುರುಬಸಮ್ಮನನ್ನು ಎತ್ತಿ ತಂದು ಅದಕ್ಕೆ ಒರಗಿಸಿದರು.

"ತಲೆ ಹಿಂದೆ ಒಂದು ಟವೆಲ್ ಕೊಡ್ರೋ," ಅಂದ ಮಲ್ಲಿಕಾರ್ಜುನಯ್ಯ. "ಎಣ್ಣೆ ಹತ್ತುತ್ತೆ ಗೋಡೆಗೆ."

"ಹತ್ತಲಿ," ಅಂದಳು ಮಹಾನಂದಮ್ಮ.

ಅವನು ಪೆಟ್ಟಿಗೆಯಿಂದ ಹರಿದ ಪ್ಯಾಕೆಟ್ ಒಂದನ್ನು ಹುಡುಕಿ ತೆಗೆದು ಕಡ್ಡಿ ಹಚ್ಚಲು ಹೋದ. ಮಹಾನಂದಮ್ಮ ಕಿತ್ತುಕೊಂಡು ಮೂಲೆಗೆ ಎಸೆದಳು. ತನ್ನ ಬೆರಳು ಮೂಸಿ ನೋಡಿ, ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

ತಂಗಿ ಗೋಡೆಗೆ ಒರಗಿ ಕೂತಿದ್ದಳು. ಕಾಲು ಮಾತ್ರ ಮಡಚಿಯೇ ಇತ್ತು. ಪದ್ಧತಿ ಹಾಗೆ.

*

ಮಂಡಿನೋವಿನಿಂದ ಮಹಾನಂದಮ್ಮ ರುದ್ರಭೂಮಿಗೆ ಹೋಗಲಿಲ್ಲ. ಮಣ್ಣು ಮಾಡಿ ನಾಲ್ಕು ಗಂಟೆಗೆ ಎಲ್ಲರೂ ಬಂದರು. ನಡುಮನೆಯ ನೆಲ ತೊಳೆದಾಗಿತ್ತು. ಗೋಡೆಯ ಮೇಲೆ, ಕೂತವಳ ತಲೆ ಇದ್ದ ಎತ್ತರಕ್ಕೆ, ದುಂಡಗೆ ಒಂದು ಎಣ್ಣೆಯ ಕಲೆ, ಅಂಚಿಗೆ ವಿಭೂತಿ.

"ಹನ್ನೊಂದು ದಿನ ಹೀಗೇ ಇರಲಿ ಬಿಡಿ," ಅಂದ ಶ್ರೀಧರ್. "ಬಾಡಿಗೇಲಿ ಮುರ್ಕೊಳ್ಳಲ್ಲ."

"ಹನ್ನೊಂದು ದಿನ ಈ ಜಾಗ ಇಲ್ಲದೆ ನಿಮ್ಮ ವ್ಯಾಪಾರ ನಡೆದ್ರೆ, ಆಮೇಲೂ ನಡೆಯುತ್ತೆ ಅಂತೀರ," ಅಂದ ಮಲ್ಲಿಕಾರ್ಜುನಯ್ಯ.

"ಅಪ್ಪಾ, ಇವತ್ತಾದ್ರೂ..." ಅಂದ ಬಸವಪ್ರಭು. ಶ್ರೀಧರನನ್ನು ಕಳಿಸುವ ನೆಪದಲ್ಲಿ ಬೀದಿಗೆ ಹೋದ.

ಮಲ್ಲಿಕಾರ್ಜುನಯ್ಯ ಒದ್ದೆ ಪಂಚೆಯಲ್ಲೇ ಮೊದಲ ಪೆಟ್ಟಿಗೆ ಎತ್ತಿದ.

ಮಹಾನಂದಮ್ಮ ಗೋಡೆ ಹಿಡಿದು ನಿಧಾನಕ್ಕೆ ಕೆಳಗೆ ಕೂತಳು. ಕಲೆಯ ಮೇಲೆ ತಲೆ ಒರಗಿಸಿದಳು. ಎರಡು ಕಾಲನ್ನೂ ಉದ್ದಕ್ಕೆ ಚಾಚಿದಳು.

ಅವನು ಅವಳ ಎಡಕ್ಕೆ ಒಂದು ಸಾಲು ಜೋಡಿಸಿದ. ಬಲಕ್ಕೆ ಒಂದು ಸಾಲು. ಇನ್ನೊಂದು ಪೆಟ್ಟಿಗೆ ಹೊತ್ತು ಅವಳ ಮುಂದೆ ಬಂದು ನಿಂತ.

"ಅಕ್ಕಾ, ಸ್ವಲ್ಪ ಕಾಲು ಮಡಚ್ಕೊಳ್ಳಿ."

ಅವಳು ಮಡಚಲಿಲ್ಲ. ಅವನು ಒಂದು ಗಳಿಗೆ ಕಾದ. ಆಮೇಲೆ ಪೆಟ್ಟಿಗೆಯನ್ನು ಅವಳ ಪಾದಕ್ಕೆ ತಾಗಿಸಿ ಇಟ್ಟ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಕೊನೆಗೆ ಅವಳಿಗೆ ಕಾಣುತ್ತಿದ್ದುದು ಪೆಟ್ಟಿಗೆಯನ್ನು ಸರಿಯಾಗಿ ಕೂರಿಸುತ್ತಿದ್ದ ಅವನ ಎರಡು ಕೈ ಮಾತ್ರ.