ಎಡಗಣ್ಣಿನ ನೀರು

ಶೆಟ್ಟೆವ್ವನ ತಂಗಿ ಗೌರಕ್ಕ ಮಮದಾಪುರದಿಂದ ಬಂದು ಇಳಿದವಳೇ ಹೊಸ್ತಿಲಲ್ಲಿ ಕುಸಿದು, "ಯಕ್ಕಾ, ನನ್ನ ಬಿಟ್ಟ ಹ್ವಾದೇನ?" ಎಂದು ಎದೆ ಬಡಿದುಕೊಂಡಾಗ, ವಿದ್ಯಾ ಗೋಡೆಗೆ ಒರಗಿಸಿ ಕೂರಿಸಿದ್ದ ಅತ್ತೆಯ ಹೆಣದ ಹಣೆಗೆ ಅರಿಸಿನದ ಭಂಡಾರ ಹಚ್ಚುತ್ತಿದ್ದಳು. ಹತ್ತರಗಿಯ ಆ ಮನೆಯ ಕಟ್ಟೆಯ ಮೇಲೆ ಭಜನೆ ನಡೆದಿತ್ತು. ಒಂದೊಂದು ಪದ ಮುಗಿದಾಗಲೂ ಹೆಂಗಸರು ದನಿ ತೆಗೆದು ಅಳುತ್ತಿದ್ದರು. ವಿದ್ಯಾಳಿಗೆ ಮಾತ್ರ ಅಳು ಬಂದಿರಲಿಲ್ಲ.

ಬಾಜೂಮನೆಯ ಪಾರವ್ವ ಅವಳನ್ನು ಓರೆಗಣ್ಣಿನಿಂದ ನೋಡಿದಳು. "ಶೆಟ್ಟೆವ್ವ ಯಾರ ಮ್ಯಾಲೂ ಒಂದ ಮಾತ ಆಡಿದಾಕಿ ಅಲ್ಲ. ಉಣ್ಣಾಕ ಕುಂತ್ರ ಮಾತ್ರ ಕಣ್ಣಾಗ ನೀರ. ಏನ ಸಂಕಟ ಇತ್ತೋ ಶಿವಾ, ನಮಗೇನ ಗೊತ್ತು!"

ವಿದ್ಯಾ ಭಂಡಾರದ ಬಟ್ಟಲನ್ನು ನೆಲಕ್ಕಿಟ್ಟಳು.

*

ಮದುವೆಯಾದ ಮೇಲಿನ ಮೊದಲ ಯುಗಾದಿ. ವಿದ್ಯಾ ಹತ್ತರಗಿಗೆ ಬಾಳಲು ಬಂದು ಎರಡೇ ದಿನವಾಗಿತ್ತು. ಮೂಡಲಗಿಯಿಂದ ತವರಿನವರು ಬಂದಿದ್ದರು. ವಿದ್ಯಾ ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿದ್ದಳು. ಅತ್ತೆ ಮೊದಲ ತುತ್ತು ಅಗಿದಳೋ ಇಲ್ಲವೋ, ಎಡಗಣ್ಣಿನಿಂದ ನೀರು ಇಳಿಯತೊಡಗಿತು.

"ಯಾಕ್ರಿ ಬೀಗತಿ, ನಮ್ಮ ಹುಡುಗಿ ಕೈರುಚಿ ಸೇರಲಿಲ್ಲೇನು?" ವಿದ್ಯಾಳ ಅವ್ವ ಕೇಳಿದಳು.

"ಏ, ಅದು ಹಂಗ, ಬಿಡ್ರಿ. ಹೋಳಿಗಿ ಭಾಳ ಛಲೋ ಆಗ್ಯಾವು." ಶೆಟ್ಟೆವ್ವ ನಕ್ಕಳು. ನಗುವಾಗಲೂ ನೀರು ನಿಲ್ಲಲಿಲ್ಲ.

ತನ್ನನ್ನು ತವರಿನವರ ಮುಂದೆ ಹೀನಾಯ ಮಾಡಲಿಕ್ಕೇ ಈ ಅಳು ಎಂದುಕೊಂಡಳು ವಿದ್ಯಾ. ಮನಸ್ಸು ಅಲ್ಲಿಗೇ ಗಂಟು ಬಿತ್ತು. ಗಂಡನನ್ನೂ ಕೇಳಲಿಲ್ಲ. ಸಿದ್ರಾಯನಿಗೋ ಅದು ಕೂಸಿದ್ದಾಗಿನಿಂದ ಕಂಡ ಮುಖ. ಹೇಳಬೇಕೆಂದು ತೋಚಲೇ ಇಲ್ಲ.

ಮರುದಿನದಿಂದ ಅತ್ತೆಯ ತಾಟು ಹಿತ್ತಲಿಗೆ, ಕುರಿದೊಡ್ಡಿಯ ಬದಿಗೆ ಹೋಯಿತು.

"ಅಲ್ಲಿ ಗಾಳಿ ಛಲೋ ಬರತೈತ್ರಿ ಅತ್ತಿ."

"ಆಗ್ಲಿ ತಂಗಿ," ಎಂದಳು ಶೆಟ್ಟೆವ್ವ. ಸಾಯುವ ಹಿಂದಿನ ದಿನವೂ ಅವಳು ಅಲ್ಲೇ ಉಂಡಿದ್ದಳು.

*

"ಥೂ ಪಾರೂ, ಸಂಕಟೇನ ಬಂತು!" ಗೌರಕ್ಕ ಅಳುತ್ತಲೇ ನಕ್ಕಳು. "ಸಿದ್ರಾಯನ ಬಾಣಂತನದಾಗ ಅಕ್ಕನ ಬಾಯಿ ಸೊಟ್ಟ ಆಗಿತ್ತು, ಮುಖದ ನರ ಹೋಗಿ. ಮತ್ತ ಚಿಗುರುವಾಗ ಆ ನರ ದಾರಿ ತಪ್ಪೈತಿ ಅಂದಿದ್ದ ಗೋಕಾಕದ ಡಾಕ್ಟರ. ಬಾಯಾಗ ನೀರ ತರಸೋ ನರ ಹೋಗಿ ಕಣ್ಣೀರಿನ ಗ್ರಂಥಿಗೆ ಕೂಡೇತಂತ. ಅಗದ್ರ ಸಾಕು, ಕಣ್ಣು ಜಿನಗತಿತ್ತು. ರುಚಿ ಹೆಚ್ಚಾದಷ್ಟೂ ನೀರ ಹೆಚ್ಚು! ಬಾಡಿನ ಸಾರು ಮಾಡಿದ ದಿನ ಹೊಳೀನ ಹರೀತಿತ್ತು ನಮ್ಮಕ್ಕಂದು."

ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು.

ಗೌರಕ್ಕ ವಿದ್ಯಾಳ ಕಡೆ ತಿರುಗಿದಳು. "ಮಂದ್ಯಾಗ ಉಣ್ಣಾಕ ನಾಚತಿದ್ದಳವಾ. ಮಮದಾಪುರಕ್ಕ ಬಂದಾಗೊಮ್ಮೆ ನಿನ್ನ ಸುದ್ದೀನ. 'ನನ್ನ ಸೊಸಿ ಶ್ಯಾಣೇಕಿ, ಹೇಳದನ ತಿಳಕೊಂಡ್ಲು. ನನಗ ನಾಚಿಕಿ ಆಗಬಾರದಂತ ತಾಟ ಬ್ಯಾರೆ ಇಡತಾಳ' ಅಂತಿದ್ದಳು."

ಇಲ್ಲ ಎನ್ನಲು ವಿದ್ಯಾ ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ರಾಯ ಒಳಗೆ ಬಂದು, "ಎತ್ತೂಣ್ರಿ, ಹೊತ್ತಾತು," ಎಂದ. ಹೊರಗೆ ಭಜನೆಯವರು ಎದ್ದು ನಿಂತರು.

*

ಮಣ್ಣು ಕೊಟ್ಟು ಬಂದು, ಎಲ್ಲರ ಜಳಕ ಮುಗಿದ ಮೇಲೆ ಪಾರವ್ವ ತನ್ನ ಮನೆಯಿಂದ ರೊಟ್ಟಿ, ಬೇಳೆ ತಂದಳು. ಯಾರೂ ಮೊದಲು ಕೈ ಹಾಕಲಿಲ್ಲ. ಗೌರಕ್ಕ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, "ಉಣ್ಣವಾ, ನೀ ಉಂಡ್ರ ಆಕಿ ಉಂಡಂಗ," ಎಂದು ವಿದ್ಯಾಳ ಬಾಯಿಗಿಟ್ಟಳು.

ವಿದ್ಯಾ ಅಗಿದಳು. ಬಾಯಲ್ಲಿ ಒಂದು ಹನಿ ನೀರಿಲ್ಲ. ತುತ್ತು ಆ ದವಡೆಯಿಂದ ಈ ದವಡೆಗೆ ಹೊರಳಿತೇ ಹೊರತು ಇಳಿಯಲಿಲ್ಲ.

ಗೌರಕ್ಕನ ಇನ್ನೊಂದು ಕೈ, ಸೆರಗಿನ ತುದಿ ಹಿಡಿದು, ತಾನಾಗಿ ಮೇಲೆದ್ದಿತು. ಇಷ್ಟು ವರ್ಷ ಅಕ್ಕನಿಗೆ ಒರೆಸಿದಂತೆ ವಿದ್ಯಾಳ ಎಡಗೆನ್ನೆಯನ್ನು ಒರೆಸಿತು. ಕೆನ್ನೆ ಒಣಗಿತ್ತು.